ಗುರುಗುಟ್ಟದ ನಾಯಿ

ಶುಕ್ರವಾರ ಸಂಜೆ ಟಿವಿಯಲ್ಲಿ ಬಂದದ್ದು ಶನಿವಾರ ಬೆಳಿಗ್ಗೆ ವರ್ನಾಳ ತರಗತಿಗೆ ಬರುತ್ತಿತ್ತು. ಟಿವಿಯ ಆ ಹಸಿರು ಜಾಕೆಟ್ಟಿನ ತರಬೇತುದಾರ ನಾಯಿಯನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರೆ, ಮಾರನೆಯ ದಿನ ಮೂವರಾದರೂ ಟ್ರೆಡ್‌ಮಿಲ್ ಎಲ್ಲಿ ಸಿಗುತ್ತದೆಂದು ಕೇಳುತ್ತಿದ್ದರು. ಅವನು ನಾಯಿಗಿಂತ ಮೊದಲು ಹೊಸಿಲು ದಾಟಿ ತೋರಿಸಿದ ವಾರವಂತೂ ಹನ್ನೊಂದು ಜನ ತಮ್ಮ ನಾಯಿಗಳನ್ನು ಹಿಂದಕ್ಕೆ ತಳ್ಳುತ್ತ ಬಾಗಿಲಲ್ಲೇ ಸಿಕ್ಕಿಕೊಂಡು ನಿಂತಿದ್ದರು. ಗುದ್ದು ಮಾತ್ರ ಎಲ್ಲ ವಾರವೂ ಇತ್ತು. ಎರಡು ಬೆರಳು ಮಡಚಿ ನಾಯಿಯ ಕತ್ತಿಗೊಂದು ಗುದ್ದು, ಬಾಯಲ್ಲಿ ‘ಹಪ್’ ಎಂಬ ಸದ್ದು.

ವರ್ನಾಳಿಗೆ ಅರವತ್ತೊಂದು. ಅಮೆರಿಕದ ಟೊಲೀಡೊ ನಗರದ ಈ ಮಾಜಿ ಸೈನಿಕರ ಸಂಘದ ಸಭಾಂಗಣದಲ್ಲಿ ಇಪ್ಪತ್ತಾರು ವರ್ಷಗಳಿಂದ ನಾಯಿಗಳಿಗೆ ಕೂರುವುದು, ನಿಲ್ಲುವುದು ಕಲಿಸುತ್ತಿದ್ದಳು. ಮೊದಮೊದಲು ಆ ಗುದ್ದಿನ ವಿಷಯಕ್ಕೆ ಜಗಳವಾಡಿದ್ದಳು. ವಾರದಲ್ಲಿ ಒಂದು ಗಂಟೆ ತನ್ನದು, ಮಿಕ್ಕಿದ್ದೆಲ್ಲ ಆ ಟಿವಿಯವನದು ಎಂದು ಗೊತ್ತಾದ ಮೇಲೆ ಜಗಳ ಬಿಟ್ಟಳು. ಮಂಡಿಯೂ ನೋಯುತ್ತಿತ್ತು.

ಆ ಶನಿವಾರ ತರಗತಿಗೆ ಒಂದು ಗಂಟೆ ಮುಂಚೆಯೇ ರೋಲಂಡ್ ಪ್ಲಾಸ್ಕಿ ಬಂದ. ಗಾಜಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಜೊತೆಗೆ ಅವನ ನಾಯಿ ಮೂಸ್: ಕಂದು ಬಣ್ಣ, ಅಗಲ ತಲೆ, ಮೂವತ್ತೈದು ಕಿಲೋ ತೂಕ. ಹಿಂದಿನ ಸಂಜೆ ಸಂಘದವರು ಮಾಡಿದ ಮೀನೂಟದ ಎಣ್ಣೆ ವಾಸನೆ ಸಭಾಂಗಣದಲ್ಲಿ ಇನ್ನೂ ಇತ್ತು. ಮೂಸ್ ನೆಲ ಮೂಸುತ್ತ ಒಳಗೆ ಬಂತು.

"ಕೋರಾನ ಕಚ್ಚಿಬಿಡ್ತು ಕಣಮ್ಮ," ಎಂದ ರೋಲಂಡ್, ಟೋಪಿ ತೆಗೆಯದೆ. ಕೋರಾ ಅವನ ಮೊಮ್ಮಗಳು. ನಾಲ್ಕು ವರ್ಷದವಳು. "ಕೆನ್ನೇಗೆ. ಆರು ಹೊಲಿಗೆ."

"ಯಾವಾಗ?"

"ಎರಡು ವಾರ ಆಯ್ತು. ಹುಚ್ಚು ಹಿಡಿದಿದ್ಯಾ ಅಂತ ನೋಡೋಕೆ ಹತ್ತು ದಿನ ಮನೆಯಲ್ಲೇ ಕಟ್ಟಿಹಾಕಿಟ್ಕೊಂಡಿದ್ದೆ, ಅದು ಕಾನೂನಂತೆ. ಈಗ ಕೌಂಟಿ ಆಫೀಸಿನ ನಾಯಿ ಅಧಿಕಾರಿ ಹೇಳ್ತಾನೆ, ತರಬೇತಿ ಕೊಟ್ಟವರ ಹತ್ರ ಒಂದು ಕಾಗದ ತಾ ಅಂತ. ಮಕ್ಕಳಿರೋ ಮನೇಲಿ ಇಟ್ಕೋಬಹುದು ಅಂತ ನೀವು ಬರೆದ್ರೆ ಉಳೀತು. ಇಲ್ಲಾಂದ್ರೆ ಸೋಮವಾರ ಸೂಜಿ ಹಾಕಿ ಸಾಯಿಸ್ತಾರೆ."

ವರ್ನಾ ಮಡಚುವ ಕುರ್ಚಿಯೊಂದನ್ನು ಎಳೆದು ಕೂತಳು.

"ಕಚ್ಚೋ ಮುಂಚೆ ಗುರ್ ಅಂದಿತ್ತಾ?"

"ಎಲ್ಲಿಂದ ಗುರ್ ಅನ್ನತ್ತೆ? ಆ ಚಟ ನಾನೇ ಬಿಡಿಸಿದ್ನಲ್ಲ! ಊಟದ ಬಟ್ಟಲ ಹತ್ರ ಯಾರು ಹೋದ್ರೂ ಗುರುಗುಟ್ತಿತ್ತು. ಟಿವೀಲಿ ತೋರಿಸಿದ ಹಾಗೇ ಮಾಡ್ದೆ. ಒಂದೇ ತಿಂಗಳು, ಬಾಯಿ ಮುಚ್ಕೊಂಡ್ತು. ಈಸ್ಟರ್ ಹಬ್ಬದ ಹೊತ್ತಲ್ಲಿ ಇಲ್ಲೇ ನಿಮಗೆ ತೋರಿಸಿರ್ಲಿಲ್ವಾ? ಒಳ್ಳೇದಾಯ್ತು ಅಂದ್ರಿ ನೀವು."

ಅಂದಿದ್ದಳು. ಅವಳಿಗೆ ಚೆನ್ನಾಗಿ ನೆನಪಿತ್ತು. ಆ ದಿನ ಹನ್ನೊಂದು ನಾಯಿಗಳು ಬೊಗಳುತ್ತಿದ್ದವು. ರೋಲಂಡ್ ಬಟ್ಟಲಿಗೆ ಕೈ ಹಾಕಿ ತೋರಿಸಿದಾಗ ಮೂಸ್ ಕಲ್ಲಿನ ಹಾಗೆ ನಿಂತಿತ್ತು. ಹಾಗೆ ಬಿಗಿದು ನಿಲ್ಲುವುದು ಒಳ್ಳೆಯ ಲಕ್ಷಣವಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳಿದರೆ ಅರ್ಧ ಗಂಟೆಯ ವಾದ. ಒಳ್ಳೇದಾಯ್ತು ಎಂದು ಮುಂದಿನ ನಾಯಿಯತ್ತ ಹೋಗಿದ್ದಳು.

ಅಡುಗೆಮನೆಯ ಫ್ರಿಜ್‌ನಲ್ಲಿ ಉಳಿದಿದ್ದ ಮೀನಿನ ಚೂರುಗಳನ್ನು ಬಟ್ಟಲಿಗೆ ಹಾಕಿ ತಂದಳು. ಮೂಸ್‌ನ ಹಗ್ಗವನ್ನು ಕಂಬಕ್ಕೆ ಕಟ್ಟಿಸಿ, ಬಟ್ಟಲನ್ನು ಅದರ ಮುಂದಿಟ್ಟಳು. ಆಮೇಲೆ ಚೀಲದಿಂದ ಕೋಲಿಗೆ ಸಿಕ್ಕಿಸಿದ ರಬ್ಬರ್ ಕೈಯನ್ನು ತೆಗೆದಳು. ಇಂಥ ಪರೀಕ್ಷೆಗೆಂದೇ ಇಟ್ಟುಕೊಂಡಿದ್ದು.

"ಹೆಣದ ಕೈ ಇದ್ದಂಗಿದೆ," ಎಂದ ರೋಲಂಡ್.

"ಮಾತಾಡ್ಬೇಡಿ. ಬರೀ ಬಾಯಿ ನೋಡಿ ಅದರದ್ದು."

ರಬ್ಬರ್ ಕೈ ಬಟ್ಟಲ ಹತ್ತಿರ ಹೋಯಿತು. ಮೂಸ್ ಅಗಿಯುವುದನ್ನು ನಿಲ್ಲಿಸಿತು. ಕತ್ತು ಅಲುಗಲಿಲ್ಲ, ಕಣ್ಣಿನ ಬಿಳಿ ಒಂದಿಷ್ಟು ಕಂಡಿತು, ಅಷ್ಟೇ. ಮರುಕ್ಷಣ ರಬ್ಬರ್ ಬೆರಳುಗಳು ಅದರ ಹಲ್ಲುಗಳ ನಡುವೆ ಇದ್ದವು.

"ನೋಡಿ, ಹಿಂಗೇ! ಏನೂ ಸುಳಿವೇ ಇಲ್ಲ!"

"ಇತ್ತು ರೀ. ಅಗಿಯೋದು ನಿಲ್ಲಿಸ್ತು. ಗುರ್ ಅಂತ ಎಚ್ಚರಿಸೋದನ್ನ ನೀವು ಹೊಡೆದು ಬಿಡಿಸಿದ್ರಿ. ಸಿಟ್ಟು ಹಾಗೇ ಇದೆ."

"ಟಿವೀಲಿ ಎಲ್ಲಾ ಸರಿ ಹೋಗತ್ತೆ."

"ಟಿವೀಲಿ ನಲವತ್ತು ನಿಮಿಷಕ್ಕೆ ಮುಗಿಯತ್ತೆ. ಮುಂದಿನ ತಿಂಗಳು ಆ ಮನೇಗೆ ಯಾರೂ ಕ್ಯಾಮೆರಾ ತಗೊಂಡು ಹೋಗಲ್ಲ."

ಎರಡನೇ ಸಲ ಕೈಯನ್ನು ಇನ್ನೂ ದೂರದಲ್ಲೇ ನಿಲ್ಲಿಸಿ, ಮೂಸ್ ಅಗಿಯುವುದನ್ನು ನಿಲ್ಲಿಸಿದ ಕೂಡಲೇ ಹಿಂದಕ್ಕೆ ತೆಗೆದಳು. ಮೂರನೇ ಸಲವೂ ಹಾಗೇ. ಹೀಗೆ ಒಂಬತ್ತು ಸಲ. ರೋಲಂಡ್ ಕಾಲು ಬದಲಿಸುತ್ತ ನಿಂತಿದ್ದ. ಹತ್ತನೇ ಸಲ ಮೂಸ್‌ನ ಗಂಟಲಿನ ಆಳದಿಂದ ಒಂದು ಸದ್ದು ಬಂತು. ತೆಳುವಾದ, ತುಕ್ಕು ಹಿಡಿದ ಸದ್ದು. ನಾಯಿ ಗುರುಗುಟ್ಟಿತು.

"ಬಂತು," ಎಂದಳು ವರ್ನಾ ಮೆಲ್ಲಗೆ. "ಇದೇ ಬೇಕಾಗಿತ್ತು—"

"ಹಪ್!"

ರೋಲಂಡ್‌ನ ಎರಡು ಬೆರಳು ಮೂಸ್‌ನ ಕತ್ತಿಗೆ ಬಡಿದಿದ್ದವು. ನಾಯಿ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿಬಿಟ್ಟಿತು. ಸದ್ದು ನಿಂತಿತು. ರೋಲಂಡ್ ಮಡಚಿದ ಬೆರಳುಗಳನ್ನು ನೋಡಿಕೊಂಡ.

"ಕೈ ತಾನಾಗೇ ಹೋಯ್ತು ಕಣಮ್ಮ."

"ಗೊತ್ತು."

"ಇನ್ನೊಂದ್ಸಲ ಮಾಡಿ. ಈ ಸಲ ಕೈ ಜೇಬಲ್ಲಿ ಇಟ್ಕೋತೀನಿ."

"ಭಾನುವಾರ ಕೋರಾ ಬಂದಾಗ್ಲೂ ಜೇಬಲ್ಲೇ ಇಟ್ಕೋತೀರಾ? ನಿಮ್ಮ ಹೆಂಡ್ತಿ? ಅವರೂ ಹಿಂಗೇ ಗುದ್ದೋದನ್ನ ನಾನೇ ನೋಡಿದೀನಿ."

ರೋಲಂಡ್ ಒಳಜೇಬಿನಿಂದ ನಾಲ್ಕಾಗಿ ಮಡಚಿದ ಫಾರಂ ತೆಗೆದುಕೊಟ್ಟ. ಅದರಲ್ಲಿ ಎರಡು ಚೌಕಗಳಿದ್ದವು: ಮಕ್ಕಳಿರುವ ಮನೆಯಲ್ಲಿ ಇಡಬಹುದು, ಇಡಬಾರದು. ವರ್ನಾ ಎರಡನೆಯದಕ್ಕೆ ಗುರುತು ಹಾಕಿದಳು. ಕೆಳಗೆ ಬರೆದಳು: ಮಕ್ಕಳಿಲ್ಲದ ಮನೆಯಲ್ಲಿ, ಗುರುಗುಟ್ಟಲು ಬಿಡುವವರ ಜೊತೆ, ಈ ನಾಯಿ ಬದುಕಬಹುದು.

ರೋಲಂಡ್ ಓದಿದ. ತುಟಿ ಅಲುಗಿಸುತ್ತ ಎರಡು ಸಲ ಓದಿದ.

"ಅಂಥ ಮನೆ ಎಲ್ಲಿದೆ? ಮಗೂನ ಕಚ್ಚಿರೋ ನಾಯೀನ ಯಾರು ತಗೋತಾರೆ?"

"ಯಾರೂ ತಗೊಳ್ಳಲ್ಲ."

"ನಿಮ್ಮ ಮನೇಲಿ ಮಕ್ಕಳಿಲ್ವಲ್ಲ, ವರ್ನಾ."

ಅವಳು ಮೂಸ್‌ನತ್ತ ನೋಡಿದಳು. ಅದು ಬಟ್ಟಲಿನಲ್ಲಿ ಉಳಿದಿದ್ದ ಮೀನನ್ನು ಮುಟ್ಟದೆ ಮಲಗಿತ್ತು. ಮನೆಯಲ್ಲಿ ಎರಡು ಮುದಿ ನಾಯಿಗಳಿದ್ದವು, ಒಂದಕ್ಕೆ ಕಣ್ಣಿಲ್ಲ. ಮೂವತ್ತೈದು ಕಿಲೋ ಎಳೆದರೆ ಈ ಮಂಡಿ ತಡೆಯುವುದಿಲ್ಲ. ಹತ್ತು ವರ್ಷದ ಹಿಂದಾಗಿದ್ದರೆ ಹೂಂ ಅನ್ನುತ್ತಿದ್ದಳು. ಈಸ್ಟರ್ ಹೊತ್ತಿನಲ್ಲಿ ಅರ್ಧ ಗಂಟೆ ವಾದ ಮಾಡಿದ್ದರೆ ಈಗ ಏನೂ ಅನ್ನಬೇಕಾಗಿರಲಿಲ್ಲ.

"ಆಗಲ್ಲ ರೋಲಂಡ್."

"ಸರಿ," ಎಂದ ಅವನು. ಸಿಟ್ಟು ಮಾಡಲಿಲ್ಲ. ಫಾರಂ ಮತ್ತೆ ನಾಲ್ಕಾಗಿ ಮಡಚಿದ. ಹಗ್ಗ ಬಿಚ್ಚಿದಾಗ ಮೂಸ್ ಎದ್ದು ಅವನ ಎಡಗಾಲಿಗೆ ಒತ್ತಿಕೊಂಡು, ಕಲಿಸಿದ ಹಾಗೇ ನಡೆಯಿತು. ಬಾಗಿಲಲ್ಲಿ ರೋಲಂಡ್ ನಿಂತ. ಮೂಸ್ ಕೂಡ ನಿಂತು, ಅವನು ಮೊದಲು ದಾಟಲೆಂದು ಕಾಯುತ್ತಿತ್ತು.

"ಹೋಗೋ," ಎಂದ ರೋಲಂಡ್. "ನೀನೇ ಮುಂದೆ ಹೋಗು."

ನಾಯಿ ಹೋಗಲಿಲ್ಲ. ಕೊನೆಗೆ ಅವನೇ ದಾಟಿದ.

ವರ್ನಾ ಬಟ್ಟಲು ತೊಳೆದು ಬಂದು ಕುರ್ಚಿಯಲ್ಲಿ ಕೂತಳು. ರಬ್ಬರ್ ಕೈಯಲ್ಲಿ ನಾಲ್ಕು ಹೊಸ ತೂತು ಬಿದ್ದಿದ್ದವು. ಹತ್ತು ಗಂಟೆಗೆ ಮೊದಲ ಕಾರು ಬಂತು. ತರಗತಿಗೆ ಹೊಸದಾಗಿ ಸೇರಿದ ಹೆಂಗಸೊಬ್ಬಳು ಮೂರು ತಿಂಗಳ ನಾಯಿಮರಿಯನ್ನು ಎಳೆದುಕೊಂಡು ಒಳಗೆ ಬಂದಳು.

"ನಿನ್ನೆ ಟಿವೀಲಿ ಬಂದದ್ದು ನೋಡಿದ್ರಾ?" ಎಂದಳು ಆಕೆ, ಏದುಸಿರು ಬಿಡುತ್ತ. "ಅದೇನು ಮಾಡ್ದ ಅಂತೀನಿ ಆ ಮನುಷ್ಯ!"

ಮರಿ ಅವಳ ಚಪ್ಪಲಿಯನ್ನು ಕಚ್ಚಿ ಹಿಡಿದು ಗುರ್ ಅಂದಿತು. ಆಕೆ ಎರಡು ಬೆರಳು ಮಡಚಿದಳು.

"ನೋಡ್ದೆ," ಎಂದಳು ವರ್ನಾ. ಮಂಡಿ ಹಿಡಿದುಕೊಂಡು ಎದ್ದಳು. "ಆ ಕೈ ಕೆಳಗಿಳಿಸಿ. ಕೂತ್ಕೊಳ್ಳಿ. ಇದಕ್ಕೆ ಅರ್ಧ ಗಂಟೆ ಬೇಕು."