ಕಾಲರಿಗೆ ಹೋದ ಸೂರ್ಯೋದಯ

ಹದಿನೇಳು ಕಥೆ ಕಳಿಸಿದ್ದೆ. ಹದಿನೇಳೂ ಮುನಿಸಿಕೊಂಡು ತವರಿಗೆ ಬಂದ ಹಾಗೆ ವಾಪಸು ಬಂದಿದ್ದವು. ಸಂಪಾದಕರೆಂಬ ಮಹಾನುಭಾವರಿಗೆ ಕಥೆಯ ಗಂಧಗಾಳಿ ಇಲ್ಲವೆಂದು ನಾನು, ಇಲ್ಲದಿರುವುದು ನನಗೇ ಎಂದು ನನ್ನ ಹೆಂಡತಿ. ಅವಳು ದರ್ಜಿ. ಮನೆಯ ಒಂದೇ ಮೇಜಿನ ಮೇಲೆ ನಾನು ಠಿಕಾಣಿ ಹೂಡಿದ್ದರಿಂದ ಅವಳ ಹೊಲಿಗೆ ಯಂತ್ರ, ಬಟ್ಟೆ, ಕತ್ತರಿ ಎಲ್ಲ ಅಡುಗೆಮನೆಯಲ್ಲಿ ಒಲೆಯ ಪಕ್ಕ ಇದ್ದವು. ಅಂಗಿಗೆ ಈರುಳ್ಳಿ ವಾಸನೆ ಎಂದು ದೂರಿ ಇಬ್ಬರು ಗಿರಾಕಿಗಳು ಕೈತಪ್ಪಿ ಹೋಗಿದ್ದೂ ಆಗಿತ್ತು.

“ಹದಿನೆಂಟನೇದೂ ವಾಪಸ್ ಬಂದ್ರೆ ಮೇಜು ನಂದು,” ಎಂದಳು.

“ಆಗ್ಲಿ. ಅಚ್ಚಾದ್ರೆ ಮೇಜಿನ ಸುದ್ದಿ ಎತ್ತಬಾರ್ದು,” ಎಂದೆ.

ಈ ಸಲ ಜೀವ ತೇದು ಬರೆದೆ. ಸಂಪಾದಕರ ಕಣ್ಣು ಕುಕ್ಕಲಿ ಎಂದು ರಟ್ಟಿನಂಥ ದಪ್ಪ ಕಾಗದ ತಂದೆ. ಮೊದಲ ಮೂರು ಹಾಳೆ ಬರೀ ಸೂರ್ಯೋದಯ. ಪುಟಸಂಖ್ಯೆ ಹಾಕಲಿಲ್ಲ, ಅದು ಗುಮಾಸ್ತರ ಕೆಲಸ ಎಂಬ ಧಿಮಾಕು ನನಗೆ ಮೊದಲಿನಿಂದಲೂ ಇದೆ. ಲಕೋಟೆಗೆ ಹಾಕಿ ಕಳಿಸು ಎಂದು ಅವಳ ಕೈಗೆ ಕೊಟ್ಟು ಆಫೀಸಿಗೆ ಹೋದೆ.

ತಿಂಗಳಾದ ಮೇಲೆ ಸಂಪಾದಕರ ಫೋನು ಬಂತು.

“ಏನ್ ಆರಂಭ ಸ್ವಾಮಿ ಅದು. ‘ಅವಳು ಗಂಡನ ಚಪ್ಪಲಿಯನ್ನು ಬಾವಿಗೆ ಎಸೆದಳು’ ಅಂತ ಏಕ್‌ದಂ ಶುರು. ಪೀಠಿಕೆ ಇಲ್ಲ, ಪುರಾಣ ಇಲ್ಲ. ಮುಂದಿನ ಸಂಚಿಕೇಲಿ ಹಾಕ್ತೀವಿ. ಇನ್ನೊಂದು ಕಳ್ಸಿ.”

ಚಪ್ಪಲಿ ಬಾವಿಗೆ ಬೀಳುವುದು ನಾಲ್ಕನೇ ಹಾಳೆಯಲ್ಲಿ. ಫೋನಿಟ್ಟವನೇ ಅಡುಗೆಮನೆಗೆ ನುಗ್ಗಿದೆ. ಬಟ್ಟೆಯ ಮೇಲಿಟ್ಟು ಗೆರೆ ಎಳೆಯಲು ಅವಳು ಕತ್ತರಿಸಿಕೊಂಡ ಅಳತೆ ಕಾಗದಗಳು ಗೋಡೆಯ ಮೊಳೆಗೆ ತೂಗುತ್ತಿದ್ದವು: ಒಂದು ಕಾಲರು, ಒಂದು ಕಫ್, ಒಂದು ಜೇಬು. ಮೂರರ ಮೇಲೂ ನನ್ನ ಕೈಬರಹ. ಕಾಲರಿನ ಮೇಲೆ ‘ಹೊಂಬಣ್ಣದ ಕಿರ’ ಎಂಬಲ್ಲಿಗೆ ಕತ್ತರಿ ಬಿದ್ದಿತ್ತು.

“ನನ್ನ ಸೂರ್ಯೋದಯ ಕತ್ತರಿಸಿದ್ಯಾ?”

“ಮೂವತ್ತು ಅಂಗಿ ಅರ್ಜೆಂಟಿತ್ತು ರೀ. ಕಾಗದ ಒಳ್ಳೇ ದಪ್ಪಗಿತ್ತು. ಸುಮ್ನೆ ಕತ್ತರಿಸ್ಲಿಲ್ಲ, ಓದ್ಕೊಂಡೇ ಕತ್ತರಿಸಿದ್ದು. ಮೂರು ಹಾಳೆ ಆದ್ರೂ ಸೂರ್ಯ ಪೂರ್ತಿ ಹುಟ್ಟಿರ್ಲಿಲ್ಲ.”

ಮೈಯೆಲ್ಲ ಉರಿದುಹೋಯಿತು. ಅವಳ ಮೇಲಿನ ಸಿಟ್ಟಿಗಿಂತ ಅವಳು ಹೇಳಿದ್ದು ನಿಜವೆಂಬ ಹೊಟ್ಟೆಯುರಿಯೇ ಹೆಚ್ಚಾಗಿತ್ತು. ಎರಡು ದಿನ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತಾಯಿತೋ ಇಲ್ಲವೋ, ಯಂತ್ರ ಮಾತ್ರ ಟಕಟಕ ಓಡುತ್ತಲೇ ಇತ್ತು. ಮೂರನೆಯ ದಿನ ಹೊಸ ಕಥೆ ಹಿಡಿದು ಒಲೆಯ ಬಳಿ ಹೋಗಿ ನಿಂತೆ.

“ಇದನ್ನೂ ಒಂಚೂರು ನೋಡು.”

ಅವಳು ತಲೆ ಎತ್ತಲಿಲ್ಲ. “ಇಲ್ಲೆಲ್ಲಿದೆ ಜಾಗ? ಕತ್ತರಿಸ್ಬೇಕು ಅಂದ್ರೆ ಮೇಜು ಬೇಕಲ್ಲ.”

ಪಂದ್ಯ ಗೆದ್ದವನು ನಾನು. ಆದರೂ ಯಂತ್ರದ ಒಂದು ಬದಿಯನ್ನು ನಾನೇ ಎತ್ತಿ ಹಿಡಿದೆ.

ಈಗ ಒಲೆಯ ಪಕ್ಕ ಕೂತು ಬರೆಯುತ್ತೇನೆ. ಹಾಳೆಗಳಿಗೆಲ್ಲ ಈರುಳ್ಳಿ ವಾಸನೆ. ಸಂಪಾದಕರು ಇನ್ನೂ ದೂರಿಲ್ಲ.