ಯಾರೂ ಓದಿರದ ಕಾದಂಬರಿ

ನೀರುದೋಸೆಯ ಹಿಟ್ಟನ್ನು ಕಾವಲಿಗೆ ಹೊಯ್ದು ದೇವಕಿ ಮುಚ್ಚಳ ಮುಚ್ಚುವಷ್ಟರಲ್ಲಿ ಫೋನು ಬಡಿದುಕೊಂಡಿತು. ಬೆಳ್ಳಂಬೆಳಗ್ಗೆ ಫೋನು ಬಂದರೆ ಎದೆ ಧಸಕ್ಕೆನ್ನುವ ಕಾಲ ಅದು. ಕೈಯನ್ನು ನೈಟಿಗೆ ಒರೆಸಿಕೊಂಡು ನೋಡಿದಳು. ಸ್ವರೂಪ್. ಹುಬ್ಬಳ್ಳಿಯ ಹುಡುಗ, ಅವಳ ಗಂಡ ರತ್ನಾಕರ ಪಾಠ ಮಾಡುವ ಮೆಡಿಕಲ್ ಕಾಲೇಜಿನಲ್ಲಿ ನಾಲ್ಕನೆಯ ವರ್ಷದ ವಿದ್ಯಾರ್ಥಿ.

"ಆಂಟಿ, ಸಾರಿ ರೀ, ಮುಂಜಾನಿಗೇ ತ್ರಾಸ ಕೊಡಾಕತ್ತೀನಿ. ಶರಣ್ಯಾ ಎದ್ದಾಳೇನ್ರಿ?"

"ಎದ್ದಾಯ್ತು, ಆನ್‌ಲೈನ್ ಕ್ಲಾಸಿಗೆ ಕೂತಿದ್ದಾಳೆ. ಎಂತ ಆಯ್ತು ಮಾರಾಯ?"

"ಏನಿಲ್ರಿ. ನಿನ್ನೆ ಆಕಿ ನಮ್ಮ ಗ್ರೂಪಿನ್ಯಾಗ ಒಂದು ನಾವೆಲ್ ಬಗ್ಗೆ ಬರದಾಳಲ್ರಿ, ಅದರ ಹೆಸರೇನಂತ ಸ್ವಲ್ಪ ಕೇಳ್ರಿ. ಹುಡುಕಿ ಹುಡುಕಿ ಸಾಕಾಗೇತಿ. ನಮ್ಮ ಕ್ಲಾಸಿನ ಹಾಫಿಜ್ ಲೈಬ್ರರಿ ಪೂರಾ ಜಾಲಾಡಿದ, ಎಲ್ಲೂ ಸಿಗವಲ್ದು. ಎಂಡಿಂಗ್ ಗೊತ್ತಾಗದ ನಮಗ್ಯಾರಿಗೂ ಪರೀಕ್ಷಾಕ್ಕ ಓದಾಕ ಮನಸಿಲ್ಲ."

"ನಿಮಗೆ ಓದಲಿಕ್ಕೆ ಮನಸ್ಸು ಇದ್ದದ್ದಾದರೂ ಯಾವಾಗ?"

ಹುಡುಗ ನಕ್ಕ. "ಹಂಗನ್ನಬ್ಯಾಡ್ರಿ ಆಂಟಿ. ಮತ್ತ ಶನಿವಾರ ಮ್ಯಾಚಿಗೆ ಬರ್ತೀರಲ್ಲ? ಸರ್ ಅಂತೂ ಬರ್ತೀನಿ ಅಂದಾರ. ಈಗ ಅವರು ಫ್ರೀ ಅದಾರಲ್ರಿ."

ದೇವಕಿ "ನೋಡುವ" ಎಂದಳು. ಅಷ್ಟರಲ್ಲಿ ಕರಕಲು ವಾಸನೆ ಬಂತು. ಫೋನು ಇಟ್ಟು, ಸೀದುಹೋದ ದೋಸೆಯನ್ನು ಸಟ್ಟುಗದಿಂದ ಕೆರೆದು ತೆಗೆದಳು. ಈಗ ಅವರು ಫ್ರೀ. ಆ ಹುಡುಗನಿಗೂ ಗೊತ್ತಿದೆ. ಹಾಗಾದರೆ ಗ್ರೂಪಿಗೆಲ್ಲ ಗೊತ್ತಿದೆ. ಗ್ರೂಪಿನಲ್ಲಿ ಮಗಳು ಶರಣ್ಯಾಳೂ ಇದ್ದಾಳೆ.

ಗ್ಯಾಸನ್ನು ಸಣ್ಣ ಮಾಡಿ ಅಲ್ಲೇ ಕಪಾಟಿಗೆ ಒರಗಿ ನಿಂತಳು.

ಕೊರೋನಾ ಬಂದ ವರ್ಷ ರತ್ನಾಕರನಿಗೆ ಸೋಂಕಿನ ವಾರ್ಡಿನ ಡ್ಯೂಟಿ ಬಿದ್ದಿತ್ತು. ಮನೆಯಲ್ಲಿ ಮಗು ಇದೆ, ಸೋಂಕು ತರುವುದು ಬೇಡ ಎಂದು ಬಟ್ಟೆಬರೆ ಕಟ್ಟಿಕೊಂಡು ಕಾಲೇಜಿನ ಕ್ವಾರ್ಟರ್ಸಿಗೆ ಹೋದ. ಹೊರದೇಶದ ಪುತ್ರಜಯಾದ ಈ ಫ್ಲ್ಯಾಟಿನಿಂದ ಅಲ್ಲಿಗೆ ಕಾರಿನಲ್ಲಿ ಕಾಲು ಗಂಟೆ. ಹೋಗುವಾಗ ದೇವಕಿ ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ಶರಣ್ಯಾ ಬಾಲ್ಕನಿಯಿಂದ ಕೈಬೀಸಿದ್ದಳು. ವರ್ಷ ಕಳೆಯಿತು, ಲಸಿಕೆ ಬಂತು. ಈ ವರ್ಷದ ಚೌತಿಯ ಹೊತ್ತಿಗೆ ಅವನ ವಾರ್ಡನ್ನು ಮುಚ್ಚಿದರು. ಅವನ ಜೊತೆಗಿದ್ದ ಡಾಕ್ಟರುಗಳೆಲ್ಲ ಒಬ್ಬೊಬ್ಬರಾಗಿ ಮನೆ ಸೇರಿದರು. ದೇವಕಿ ಕೋಣೆ ಗುಡಿಸಿ, ಹಾಸಿಗೆಗೆ ಒಗೆದ ಹೊದಿಕೆ ಹಾಸಿ ಕಾದಳು. ಸಂಜೆ ಫೋನು ಬಂತು.

"ಸ್ವಲ್ಪ ದಿನ ಇಲ್ಲೇ ಇರ್ತೇನೆ ದೇವಕಿ. ಒಬ್ಬನೇ ಇದ್ದರೆ ತಲೆ ಹಗುರ ಇರ್ತದೆ. ಬೇರೆ ಎಂತದೂ ಇಲ್ಲ, ನೀನು ಬೇರೆ ತಿಳಿಯಬೇಡ."

ಬೇರೆ ಏನೂ ಇಲ್ಲ ಎಂಬುದು ದೇವಕಿಗೂ ಗೊತ್ತು. ಬೇರೆ ಏನಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು. ತಲೆ ಹಗುರವಾಗುತ್ತದೆ ಎನ್ನುವವನ ಜೊತೆ ಏನೆಂದು ಜಗಳ ಆಡುವುದು? ಫೋನು ಇಟ್ಟ ಮೇಲೆ ಮಗಳು ಬಂದು "ಅಪ್ಪ ವೆನ್ ಕಮಿಂಗ್?" ಎಂದು ಕೇಳಿದಾಗ "ಡ್ಯೂಟಿ ಮುಗಿದಿಲ್ಲವಂತೆ ಪುಟ್ಟಿ" ಎಂದಳು. ಆ ಸಂಜೆ ದಾಟಿದರೆ ಸಾಕಿತ್ತು. ಆದರೆ ಆ ಮಾತಿಗೆ ಮರುದಿನವೂ ನೀರು ಹಾಕಬೇಕಾಯಿತು, ಅದರ ಮರುದಿನವೂ. ದೀಪಾವಳಿ ಕಳೆಯಿತು. ಈಚೆಗೆ ಶರಣ್ಯಾ ಕೇಳುವುದನ್ನೇ ಬಿಟ್ಟಿದ್ದಳು. ಮರೆತಿರಬೇಕು ಎಂದು ದೇವಕಿ ಅಂದುಕೊಂಡಿದ್ದಳು. ಅಂದುಕೊಂಡರೆ ಅಷ್ಟು ಕೆಲಸ ಕಡಿಮೆ.

ದೋಸೆ ಎರೆದು ಮುಗಿಸಿ, ಮಗಳಿಗೆ ತಟ್ಟೆ ಕೊಡಲು ಕೋಣೆಗೆ ಹೋದಳು. ಹತ್ತು ವರ್ಷದ ಶರಣ್ಯಾ ಟ್ಯಾಬಿನ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಟೀಚರು ಭಿನ್ನರಾಶಿ ಹೇಳುತ್ತಿದ್ದರು.

"ಸ್ವರೂಪಣ್ಣ ಫೋನ್ ಮಾಡಿದ್ದ. ಅದೆಂತದೋ ನಾವೆಲ್ ಅಂತೆ, ಹೆಸರು ಕೇಳಿದ."

"ಇನ್ ಕ್ಲಾಸ್, ಅಮ್ಮ. ಲೇಟರ್." ಮಗಳು ತಲೆ ಎತ್ತಲಿಲ್ಲ.

ದೇವಕಿ ಬಾಗಿಲು ಎಳೆದುಕೊಂಡು ಬಂದು, ಒಗೆದ ಬಟ್ಟೆಯ ಬುಟ್ಟಿಯ ಪಕ್ಕ ಕೂತು, ತನ್ನ ಫೋನಿನಲ್ಲಿ ಗ್ರೂಪನ್ನು ತೆರೆದಳು. ಅದರ ಸದ್ದನ್ನು ಅಡಗಿಸಿಟ್ಟು ತಿಂಗಳುಗಳೇ ಆಗಿದ್ದವು.

ಗ್ರೂಪು ಹುಟ್ಟಿದ್ದು ಕಾಲೇಜಿನ ಫುಟ್‌ಬಾಲ್ ತಂಡಕ್ಕಾಗಿ. ತಂಡದ ಹೆಸರು ಟಾಪಿರ್ಸ್. ಇಲ್ಲಿನ ಕಾಡಿನ ಆ ಕಪ್ಪು-ಬಿಳಿ ಪ್ರಾಣಿಯ ಹಾಗೆಯೇ ಆಟವೂ ನಿಧಾನ, ಓಡುವುದೇ ಅಪರೂಪ ಎಂದು ಎದುರಾಳಿಗಳ ಲೇವಡಿ. ಸೋಲುವ ತಂಡವಾದ್ದರಿಂದ ನೋಡಲು ಬರುವವರು ಬೆರಳೆಣಿಕೆ. ರತ್ನಾಕರ ಒಂದು ಶನಿವಾರವನ್ನೂ ತಪ್ಪಿಸುತ್ತಿರಲಿಲ್ಲ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡರೆ ಅವಳು ಬೆರಳು ತೋರಿಸಿ ತಲೆ ಎಣಿಸುತ್ತಿದ್ದಳು. ಬೆಕ್ಕುಗಳನ್ನೂ ಸೇರಿಸುತ್ತಿದ್ದಳು, ಇಲ್ಲದಿದ್ದರೆ ಲೆಕ್ಕ ತೀರಾ ಬಡವಾಗುತ್ತಿತ್ತು. ಅವಳು ಕೂಗಿದ್ದೇ ಆ ದಿನದ ಹಾಜರಿ. ಮಧ್ಯಂತರದಲ್ಲಿ ದೇವಕಿ ಗೋಳಿಬಜೆಯ ಡಬ್ಬಿ ತೆರೆಯುವಳು, ರತ್ನಾಕರ ತಾನು ಓದಿದ ವೈಜ್ಞಾನಿಕ ಕಾದಂಬರಿಯೊಂದರ ಕಥೆ ತೆರೆಯುವನು. ಹುಡುಗರು ಎಣ್ಣೆಗೈಯಲ್ಲೇ ವಾದಕ್ಕೆ ಇಳಿಯುವರು. ಆಟ ಮತ್ತೆ ಶುರುವಾದದ್ದು ಅರ್ಧ ಜನಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಆಟಗಳು ನಿಂತ ಮೇಲೆ ಗ್ರೂಪಿನಲ್ಲಿ ಉಳಿದದ್ದು ಕಾದಂಬರಿಗಳೇ.

ಈಗ ಆಟ ಮತ್ತೆ ಬಂದಿತ್ತು. ನಿನ್ನೆ ಸಂಜೆ ಸ್ವರೂಪ್ ಕೇಳಿದ್ದ: ಶನಿವಾರ ಯಾರ್‍ಯಾರು? ಎರಡೂ ಲಸಿಕೆ ಆದವರಿಗೆ ಮಾತ್ರ ಪ್ರವೇಶ, ಮಕ್ಕಳಿಗೆ ಇಲ್ಲ, ಇದು ಕಾಲೇಜಿನ ನಿಯಮ. ಹಾಫಿಜ್ ಬರುವೆನೆಂದಿದ್ದ. ನವ್ಯಾ ಎಂಬ ಹುಡುಗಿ, "ಸೋಲು ನೋಡಲು ಎರಡು ವರ್ಷದಿಂದ ಕಾಯುತ್ತಿದ್ದೇನೆ, ಬಿಡುತ್ತೇನೆಯೇ" ಎಂದಿದ್ದಳು. ಅದರ ಕೆಳಗೆ ರತ್ನಾಕರ: "ನಾನು ಹಾಜರು. ಡ್ಯೂಟಿ ಮುಗಿದು ಬಹಳ ದಿನವಾಯಿತು, ಶನಿವಾರಗಳೆಲ್ಲ ಖಾಲಿ."

ಅದಾದ ಸ್ವಲ್ಪ ಹೊತ್ತಿಗೆ ಶರಣ್ಯಾ ಬರೆದಿದ್ದಳು. ತಾನೊಂದು ನಾವೆಲ್ ಓದಿದ್ದೇನೆ, ಕೊನೆ ಪುಟಗಳು ಇಲ್ಲ, ಯಾರಿಗಾದರೂ ಗೊತ್ತಿದ್ದರೆ ಹೇಳಿ ಎಂದು.

ಆಕಾಶದಲ್ಲಿ ತೇಲುವ ಒಂದು ಊರು. ಅಲ್ಲಿ ಕಾಯಿಲೆ ಬಂದಾಗ ಒಬ್ಬ ಡಾಕ್ಟರು ರೋಗಿಗಳ ಜೊತೆ ಬೇರೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ಬಾಗಿಲ ಮೇಲೆ ಕೆಂಪು ದೀಪ. ಕಾಯಿಲೆ ಹೋದ ಮೇಲೆ ಅದು ಹಸಿರಾಗುತ್ತದೆ. ಎಲ್ಲರೂ ಹೊರಗೆ ಬರುತ್ತಾರೆ, ಡಾಕ್ಟರು ಬರುವುದಿಲ್ಲ. ಅವನ ಮನೆಯಲ್ಲಿ ಒಂದು ರೋಬೋ ಇದೆ. ತುಂಬ ಒಳ್ಳೆಯ ರೋಬೋ. ಅಡುಗೆ ಮಾಡುತ್ತದೆ, ಮಗುವಿಗೆ ಜಡೆ ಹಾಕುತ್ತದೆ. ಮಗು ಕೇಳಿದಾಗಲೆಲ್ಲ ಅದು "ದೀಪ ಇನ್ನೂ ಕೆಂಪಾಗಿಯೇ ಇದೆ" ಎನ್ನುತ್ತದೆ. ಕಿಟಕಿಯಿಂದ ಹಸಿರು ದೀಪ ಕಾಣುತ್ತಿರುತ್ತದೆ. ಆದರೂ ಮಗು ಸರಿ ಎನ್ನುತ್ತದೆ, ಏಕೆಂದರೆ ರೋಬೋಗೆ ತುಂಬ ಸುಸ್ತಾಗಿದೆ.

ದೇವಕಿ ಬುಟ್ಟಿಯಿಂದ ಮಗಳ ಸಣ್ಣ ಅಂಗಿಯೊಂದನ್ನು ಎತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಅದನ್ನು ಒಣಹಾಕಲಿಲ್ಲ.

ಕೆಳಗೆ ಹುಡುಗರ ಗಲಾಟೆ. ಡಾಕ್ಟರು ಒಳಗೇ ಸತ್ತಿದ್ದಾನೆ, ರೋಬೋ ಮುಚ್ಚಿಡುತ್ತಿದೆ ಎಂದು ಹಾಫಿಜ್. ಅಲ್ಲ, ರೋಬೋ ಕೆಟ್ಟಿದೆ, ಅದಕ್ಕೆ ಬಣ್ಣ ತಿಳಿಯುವುದಿಲ್ಲ ಎಂದು ನವ್ಯಾ. ಬಾಗಿಲು ಜಾಮ್ ಆಗಿರಬೇಕು, ನಮ್ಮ ಗೋಲ್‌ಕೀಪರನ್ನು ಕಳಿಸಿ, ಅವನು ತಡೆಯುವುದಕ್ಕೆ ಹೋದದ್ದೆಲ್ಲ ತೆರೆದುಕೊಳ್ಳುತ್ತದೆ ಎಂದು ಸ್ವರೂಪ್. ಆಮೇಲೆ ಪುಸ್ತಕ ಯಾವುದು, ಬರೆದವರು ಯಾರು ಎಂಬ ಹುಡುಕಾಟ.

ಎಲ್ಲಕ್ಕಿಂತ ಕೆಳಗೆ ರತ್ನಾಕರನ ಒಂದೇ ಸಾಲು: "ಇದನ್ನು ನಾನು ಓದಿಲ್ಲ."

ಅದಕ್ಕೆ ಶರಣ್ಯಾಳ ಉತ್ತರ: "ನೀನು ಎಲ್ಲ ಓದಿದ್ದೀಯಲ್ಲ ಅಪ್ಪ."

ದೇವಕಿ ಫೋನನ್ನು ಮಗುಚಿ ಇಟ್ಟಳು.

ಅಂಥ ಪುಸ್ತಕ ಯಾವ ಲೈಬ್ರರಿಯಲ್ಲೂ ಇಲ್ಲ ಎಂದು ದೇವಕಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಈ ಮನೆಯಲ್ಲೇ, ಪಕ್ಕದ ಕೋಣೆಯಲ್ಲೇ ಬರೆದದ್ದು. ರೋಬೋ ಯಾರೆಂದೂ ಗೊತ್ತಾಯಿತು. ಸಿಟ್ಟು ಬರಲಿಲ್ಲ. ಅಳು ಬರಬೇಕಿತ್ತು, ಅದಕ್ಕೂ ತ್ರಾಣ ಬೇಕು. ಎದ್ದು ಬಟ್ಟೆ ಒಣಹಾಕಿದಳು. ಅನ್ನಕ್ಕೆ ಇಟ್ಟಳು. ಮಧ್ಯಾಹ್ನ ಅವನ ಊಟದ ಬಿಡುವಿಗೆ ಫೋನು ಮಾಡಿದಳು.

"ಓದಿದ್ರಾ?"

"ಓದಿದೆ."

"ಅರ್ಥ ಆಯ್ತಲ್ಲ?"

ಆ ಕಡೆ ಚಮಚದ ಸದ್ದು ನಿಂತಿತು. "ನೀನು ಏನಾದರೂ ಹೇಳಿಬಿಡು ದೇವಕಿ. ನಿನ್ನ ಮಾತು ಅವಳು ಕೇಳ್ತಾಳೆ."

"ಕೇಳ್ತಾಳೆ, ನಂಬುವುದಿಲ್ಲ. ನಾನು ಎಂತ ಹೇಳಲಿ? ನೀವು ಬರ್ತೀರೋ ಇಲ್ವೋ ನನಗೇ ಗೊತ್ತಿಲ್ಲ."

"ನನಗೂ..." ಎಂದು ಅವನು ನಿಲ್ಲಿಸಿದ. ಆಮೇಲೆ, "ಶನಿವಾರ ಗ್ರೌಂಡಿಗೆ ಕರಕೊಂಡು ಬಾ. ಆಗ ನೋಡುವ" ಎಂದ.

"ಅವಳನ್ನು ಒಳಗೆ ಬಿಡುವುದಿಲ್ಲ."

"ಬೇಲಿ ಹತ್ತಿರ ಬರ್ತೇನೆ."

ಶನಿವಾರ ಮಧ್ಯಾಹ್ನ ದೇವಕಿ ಗೋಳಿಬಜೆ ಕರಿದಳು. ಎರಡು ವರ್ಷದ ಮೇಲೆ ಹಳೆಯ ಡಬ್ಬಿಯನ್ನು ಅಟ್ಟದಿಂದ ಇಳಿಸಿ ತೊಳೆದಳು. ಮಗಳನ್ನು ಕೂರಿಸಿ ಜಡೆ ಹಾಕುವಾಗ ಕೈ ಒಮ್ಮೆ ನಿಂತಿತು.

"ಬಿಗಿ ಆಯ್ತಾ?"

"ನೋ. ಓಕೆ."

"ಪುಟ್ಟಿ, ಇನ್ನು ಮೇಲೆ ಅಮ್ಮ ನಿನಗೆ ಇಲ್ಲದ್ದು ಹೇಳುವುದಿಲ್ಲ."

ಶರಣ್ಯಾ ತಿರುಗಲಿಲ್ಲ. ಜಡೆ ದೇವಕಿಯ ಕೈಯಲ್ಲಿತ್ತಲ್ಲ, ತಿರುಗಲು ಆಗುತ್ತಲೂ ಇರಲಿಲ್ಲ. ಮುಂದೆ ನೋಡುತ್ತಲೇ, "ಯು ಆರ್ ಟಯರ್ಡ್, ನೋ?" ಎಂದಳು.

"ಹೌದು. ಅದು ನಿನ್ನ ಕೆಲಸ ಅಲ್ಲ." ದೇವಕಿ ರಬ್ಬರ್ ಬ್ಯಾಂಡ್ ಸುತ್ತಿ ಮುಗಿಸಿದಳು.

ಗ್ರೌಂಡಿನ ಸುತ್ತ ತಂತಿಬೇಲಿ. ದೇವಕಿ ಕಾರನ್ನು ಮಳೆಮರದ ನೆರಳಿನಲ್ಲಿ ನಿಲ್ಲಿಸಿದಳು. ಒಳಗೆ ಮೆಟ್ಟಿಲುಗಳ ಮೇಲೆ ಮಾಸ್ಕು ಹಾಕಿದ ಜನ ದೂರ ದೂರ ಕೂತಿದ್ದರು. ರತ್ನಾಕರ ಮೇಲಿನ ಸಾಲಿನಲ್ಲಿದ್ದ. ತೆಳ್ಳಗಾಗಿದ್ದ, ಅವನ ನೀಲಿ ಅಂಗಿಗೆ ಇಸ್ತ್ರಿ ಇತ್ತು. ಯಾರು ಹಾಕಿಕೊಟ್ಟರು ಎಂದುಕೊಂಡಳು, ಆಮೇಲೆ ತಾನೇ ಹಾಕಿಕೊಳ್ಳಲು ಕಲಿತಿರಬೇಕು ಎಂದುಕೊಂಡಳು. ಎರಡನೆಯದೇ ಹೆಚ್ಚು ನೋಯಿಸಿತು.

ಶರಣ್ಯಾ ತಂತಿಗೆ ಮೂಗು ತಾಗಿಸಿ ಬೆರಳಿನಲ್ಲಿ ಎಣಿಸಿದಳು. ಟಾಪಿರ್ಸ್ ಆಗಲೇ ಒಂದು ಗೋಲು ಬಿಟ್ಟುಕೊಟ್ಟಿತ್ತು. ಮಧ್ಯಂತರದ ಸೀಟಿ ಊದಿದ್ದೇ ಸ್ವರೂಪ್ ಓಡಿ ಬಂದು ಬೇಲಿಯ ಮೇಲಿಂದ ಡಬ್ಬಿ ಇಸಿದುಕೊಂಡ.

"ಆಂಟಿ, ದೇವರಾಣಿ, ನಾವು ಆಟ ನೋಡಾಕ ಬಂದೇ ಇಲ್ರಿ, ಇದಕ್ಕ ಬಂದೀವಿ. ಏ ಶರಣ್ಯಾ, ಬುಕ್ಕಿನ ಹೆಸರು ಹೇಳಲಿಲ್ಲ ನೀ."

"ಪುಸ್ತಕ ಇನ್ನೂ ಮುಗಿದಿಲ್ಲ ಮಾರಾಯ. ನೀನು ತಿನ್ನು ಹೋಗು," ಎಂದಳು ದೇವಕಿ. ಹುಡುಗ ಅವಳ ಮುಖ ನೋಡಿದ, ಹಿಂದೆ ಮೆಟ್ಟಿಲಿಳಿದು ಬರುತ್ತಿದ್ದ ತನ್ನ ಮೇಷ್ಟ್ರನ್ನು ನೋಡಿದ, ಡಬ್ಬಿ ಎತ್ತಿಕೊಂಡು ಹೋದ.

ರತ್ನಾಕರ ಬೇಲಿಯ ಆ ಕಡೆ ನಿಂತ. ಮಾಸ್ಕು ಗದ್ದಕ್ಕೆ ಇಳಿಸಿದ, ಏನೋ ನೆನಪಾದಂತೆ ಮತ್ತೆ ಏರಿಸಿದ.

"ಎಷ್ಟಾಯ್ತು ಇವತ್ತಿನ ಹಾಜರಿ?"

"ಇನ್‌ಸೈಡ್ ಮಾತ್ರ ಕೌಂಟ್ ಮಾಡ್ಲಾ? ಔಟ್‌ಸೈಡ್ ಕೂಡನಾ?" ಎಂದಳು ಶರಣ್ಯಾ.

ಅವನು ತಂತಿಯ ಕಿಂಡಿಯಿಂದ ಬೆರಳು ತೂರಿಸಿ ಅವಳ ಜಡೆಯ ತುದಿಯನ್ನು ಮುಟ್ಟಿದ. "ಎಷ್ಟು ಉದ್ದ ಆಗಿದೆ," ಎಂದ. ಅವಳು ಮುಟ್ಟಿಸಿಕೊಂಡಳು, ಹತ್ತಿರ ಸರಿಯಲಿಲ್ಲ.

"ಅಪ್ಪನಿಗೆ ಇನ್ನೂ ಸ್ವಲ್ಪ ಡ್ಯೂಟಿ..." ಎಂದು ಶುರು ಮಾಡಿ ಅವನು ದೇವಕಿಯ ಕಡೆ ನೋಡಿದ. ಇಷ್ಟು ದಿನ ಆ ವಾಕ್ಯದ ಉಳಿದ ಅರ್ಧವನ್ನು ತುಂಬುತ್ತಿದ್ದವಳು ಅವಳೇ. ವಾರ್ಡು, ರೋಗಿಗಳು, ಇನ್ನೊಂದು ವಾರ. ಎಲ್ಲವೂ ನಾಲಗೆಯ ತುದಿಯಲ್ಲೇ ಇತ್ತು. ದೇವಕಿ ಕಾರಿನ ಬಾನೆಟ್ಟಿಗೆ ಒರಗಿ, ಬಾಯಿ ಮುಚ್ಚಿಕೊಂಡು ನಿಂತಳು. ಬಾನೆಟ್ಟು ಬಿಸಿಯಾಗಿತ್ತು. ಸರಿಯಲಿಲ್ಲ.

ರತ್ನಾಕರ ಒಂದು ಗಳಿಗೆ ಕಾದ. ಆಮೇಲೆ ಅವನ ಕಣ್ಣು ಕೆಳಗಿಳಿಯಿತು. ಗ್ರೌಂಡಿನ ಆ ತುದಿಯಲ್ಲಿ ಹುಡುಗರು ಗೋಳಿಬಜೆಗೆ ಕಿತ್ತಾಡುತ್ತಿದ್ದರು. ಆಟಗಾರರು ನೀರು ಕುಡಿದು ಎದ್ದು ನಿಲ್ಲುತ್ತಿದ್ದರು.

ಶರಣ್ಯಾ ಅಮ್ಮನ ಕಡೆ ತಿರುಗಿ ನೋಡಿದಳು, ಕೇಳಲಾ ಎನ್ನುವಂತೆ. ದೇವಕಿ ಕೇಳು ಎಂಬಂತೆ ತಲೆಯಾಡಿಸಿದಳು. ಮಗಳು ಎರಡೂ ಕೈಗಳಿಂದ ತಂತಿಯನ್ನು ಹಿಡಿದುಕೊಂಡಳು. ಇಂಗ್ಲಿಷು ಬಿಟ್ಟು, ಚಿಕ್ಕವಳಿದ್ದಾಗ ಅವನ ಹೆಗಲ ಮೇಲೆ ಕೂತು ಆಡುತ್ತಿದ್ದ ಮಾತಿನಲ್ಲಿ, ಮೆಲ್ಲಗೆ, ಅವನಿಗೆ ಕೇಳುವಷ್ಟು ಮಾತ್ರ ಕೇಳಿದಳು:

"ಅಪ್ಪ, ನಿನಗೆ ಮನೆಗೆ ಬರಲಿಕ್ಕೆ ಮನಸ್ಸಿಲ್ವಾ?"