ಬಾಗಿಲಿಗೆ ಗಂಡಸಿನ ಹೆಸರು

ಯಶೋಧರಾಳಷ್ಟು ಪುಕ್ಕಲು ಹೆಂಗಸು ಶಿಕಾರಿಪುರದಲ್ಲಿ ಇನ್ನೊಬ್ಬಳಿಲ್ಲ. ಕೇಳಿದರೆ ಅವಳೇ ಹೌದೆನ್ನುತ್ತಾಳೆ. ಗಂಡ ಸಂಗಮೇಶ್ ತೀರಿಕೊಂಡು ಒಂಬತ್ತು ವರ್ಷವಾದರೂ ಬಾಗಿಲ ಪಕ್ಕದ ಬೋರ್ಡಿನಲ್ಲಿ ಅವನ ಹೆಸರೇ ಇದೆ, ಹೊಸ್ತಿಲ ಹೊರಗೆ ಅವನ ಚಪ್ಪಲಿಯೂ ಇದೆ. ವಾರಕ್ಕೊಮ್ಮೆ ಆ ಚಪ್ಪಲಿಯನ್ನು ಒರೆಸಿ, ಯಾರೋ ಈಗ ತಾನೇ ಬಿಟ್ಟು ಒಳಗೆ ಹೋದರು ಎನ್ನುವ ಹಾಗೆ ಸ್ವಲ್ಪ ಸೊಟ್ಟಗೆ ಇಡುತ್ತಾಳೆ. ಗುರುತಿಲ್ಲದವರು ಬಂದು ಯಜಮಾನರು ಇದ್ದಾರಾ ಎಂದರೆ, "ಸ್ನಾನಕ್ಕೆ ಹೋಗಿದಾರೆ ರೀ" ಎನ್ನುತ್ತಾಳೆ. ಒಂಬತ್ತು ವರ್ಷದಿಂದ ಸಂಗಮೇಶ್ ಸ್ನಾನ ಮಾಡುತ್ತಲೇ ಇದ್ದಾನೆ.

ನಗುವವರು ನಗಲಿ. ಗಂಡ ಸತ್ತ ಮೊದಲನೇ ತಿಂಗಳಲ್ಲೇ ಯಾರೋ ಬಂದು ಬಾಗಿಲು ಬಡಿದಿದ್ದ. ಯಾರು ಅಂದರೆ ಉತ್ತರವಿಲ್ಲ, ಹೋಗುವುದೂ ಇಲ್ಲ. ಅವಳು, ಹದಿಮೂರು ವರ್ಷದ ಮಗಳು ಧನ್ಯಾ ಇಬ್ಬರೂ ಸೇರಿ ಹೊಲಿಗೆ ಮಿಷನ್ನನ್ನು ಬಾಗಿಲಿಗೆ ಒತ್ತಿ, ಅದರ ಹಿಂದೆ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಬಂದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮಾರನೆಯ ದಿನದಿಂದ ಅದೇ ಮಿಷನ್ನಿನಲ್ಲಿ ಬ್ಲೌಸ್ ಹೊಲಿದೇ ಅವಳು ಮಗಳನ್ನು ಓದಿಸಿದಳು.

ಅಂಥವಳ ಮಗಳು ಜರ್ಮನಿಗೆ ಹೋದಳು. ಮಣ್ಣಿನ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಲು ಸೀಟು, ಅದಕ್ಕೆ ಸ್ಕಾಲರ್‌ಶಿಪ್ಪು. ಬೇಡ ಎನ್ನುವುದಕ್ಕೆ ಯಶೋಧರಾಳಿಗೆ ನಾಲಿಗೆ ಬರಲಿಲ್ಲ. ಹೋಗು ಎನ್ನುವುದಕ್ಕೂ ಬರಲಿಲ್ಲ. ಸುಮ್ಮನೆ ಚಟ್ನಿಪುಡಿ ಕುಟ್ಟಿದಳು.

ಮೊದಲ ದಿನಗಳ ಸಮಾಚಾರವೆಲ್ಲ ಫೋನಿನಲ್ಲೇ ಬರುತ್ತಿತ್ತು. ಧನ್ಯಾಳ ರೂಮು ಮೂರನೇ ಮಹಡಿಯಲ್ಲಿ. ಮೆಟ್ಟಿಲ ದೀಪ ತಾನೇ ಹೊತ್ತಿಕೊಂಡು, ಅರ್ಧ ಹತ್ತುವಷ್ಟರಲ್ಲಿ ತಾನೇ ಆರಿಹೋಗುತ್ತದಂತೆ. ಭಾನುವಾರ ಒಂದು ಅಂಗಡಿಯೂ ತೆರೆಯದೆ ಎರಡು ಹೊತ್ತು ಅವಲಕ್ಕಿ ತಿಂದಳಂತೆ. ಪಕ್ಕದ ರೂಮಿನಲ್ಲಿ ಯಾರೋ ಇದ್ದಾರೆ, ಕೆಮ್ಮು ಕೇಳುತ್ತದೆ, ಮುಖ ಮಾತ್ರ ಕಂಡಿಲ್ಲವಂತೆ. "ಚೆನ್ನಾಗಿದೆ ಅಮ್ಮ" ಎಂದು ಮಗಳು ಪ್ರತಿ ಸಲ ಕೊನೆಗೆ ಸೇರಿಸುತ್ತಿದ್ದಳು. ಆ ಮಾತು ಕೇಳಿದ ಮೇಲೆ ಯಶೋಧರಾ ಎದ್ದು ಹೋಗಿ ತನ್ನ ಬಾಗಿಲ ಚಿಲಕವನ್ನೇ ಇನ್ನೊಮ್ಮೆ ನೋಡಿ ಬರುತ್ತಿದ್ದಳು.

ಮೂರನೇ ದಿನ ಧನ್ಯಾ ವಿಡಿಯೋದಲ್ಲಿ ಮನೆ ತೋರಿಸಿದಳು. ಕೆಳಗೆ ಸಾಲಾಗಿ ಅಂಚೆ ಕಾಗದ ಹಾಕುವ ಡಬ್ಬಗಳು, ಪಕ್ಕದಲ್ಲಿ ಸಾಲಾಗಿ ಬೆಲ್ಲುಗಳು. ಒಂದೊಂದರ ಮೇಲೂ ಹೆಸರು. ಎರಡೂ ಸಾಲಿನ ಕೊನೆಯದರ ಮೇಲೆ ಹೊಸ ಚೀಟಿ, ಧನ್ಯಾ ಎಸ್. ಎಂದು.

"ಕೀಳು ಅದನ್ನ," ಎಂದಳು ಯಶೋಧರಾ.

"ಯಾಕಮ್ಮ?"

"ಒಂಟಿ ಹುಡುಗಿ ಇದಾಳೆ ಬರ್ರಿ ಅಂತ ಡಂಗುರ ಹೊಡಿಸ್ದಂಗೈತೆ. ನಿಮ್ಮಪ್ಪನ ಹೆಸರು ಹಾಕು. ಬಾಗಿಲಿಗೆ ಗಂಡಸಿನ ಹೆಸರಿದ್ರೆ ಹತ್ತು ಜನ ಹಿಂದೆ ಮುಂದೆ ನೋಡ್ತಾರೆ."

"ಕಾಗದ ಎಲ್ಲ ನನ್ನ ಹೆಸರಿಗೆ ಬರುತ್ತಲ್ಲ?"

"ಎಸ್ ಅಂದ್ರೆ ಸಂಗಮೇಶ್ ಅಲ್ವೇನೇ? ಅಷ್ಟೂ ತಿಳಿಯಲ್ವಾ ಆ ಪೋಸ್ಟ್‌ಮ್ಯಾನಿಗೆ? ಇಲ್ಲಿ ನಿನ್ನ ಪಾಸ್‌ಪೋರ್ಟು ನಿಮ್ಮಪ್ಪನ ಹೆಸರಿನ ಮನೆಗೇ ಬಂತಲ್ಲ."

ಧನ್ಯಾ ಓದಿದ ಹುಡುಗಿ, ವಾದ ಮಾಡಬಹುದಿತ್ತು. ಆದರೆ ಹೆದರಿಕೆಗೆ ಓದು ಗೊತ್ತಿಲ್ಲ. ದೀಪ ಆರುವ ಮೆಟ್ಟಿಲನ್ನು ದಿನಕ್ಕೆ ನಾಲ್ಕು ಸಲ ಹತ್ತುವವಳಿಗೆ ಅಪ್ಪನ ಹೆಸರು ಬಾಗಿಲಲ್ಲಿ ಇರುವುದೇ ವಾಸಿ ಎನ್ನಿಸಿತು. ಡಬ್ಬ, ಬೆಲ್ಲು ಎರಡರ ಚೀಟಿಯನ್ನೂ ಕಿತ್ತು ಸಂಗಮೇಶ್ ಎಂದು ಬರೆದು ಅಂಟಿಸಿದಳು. ಬೆಲ್ಲಾದರೆ ಉಸಿರೆತ್ತದೆ ಕೂತಿರಬೇಕು ಎನ್ನುವುದನ್ನು ಅಮ್ಮ ಬೇರೆಯಾಗಿ ಹೇಳಿಕೊಡಬೇಕಾಗಿರಲಿಲ್ಲ.

ಆರನೇ ದಿನ ಇಬ್ಬರೂ ಮಾತಾಡುತ್ತಿರುವಾಗಲೇ ಬೆಲ್ಲಾಯಿತು. ಧನ್ಯಾ ಬಾಯಿ ಮುಚ್ಚಿಕೊಂಡಳು. ಇಲ್ಲಿ ಯಶೋಧರಾ ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದಳು, ಅದರ ಸದ್ದು ಜರ್ಮನಿಯ ಮೆಟ್ಟಿಲವರೆಗೆ ಕೇಳಿಬಿಟ್ಟರೆ ಎಂದು! ಇನ್ನೊಂದು ಸಲ ಬೆಲ್ಲಾಯಿತು. ಆಮೇಲೆ ಇಲ್ಲ. "ಹೋದ," ಎಂದು ಮಗಳು ಪಿಸುಗುಟ್ಟಿದಳು. "ಜಾಣೆ," ಎಂದಳು ತಾಯಿ.

ಹತ್ತನೇ ದಿನ, ಸೋಮವಾರ, ಯೂನಿವರ್ಸಿಟಿಯಿಂದ ಮೇಲ್ ಬಂತು. ದಾಖಲಾತಿಗೆ ಸಹಿ ಹಾಕಬೇಕಾದ ಕಾಗದವನ್ನು ಅಂಚೆಯಲ್ಲಿ ಕಳಿಸಿದ್ದರಂತೆ, ಅದು ಹಾಗೇ ವಾಪಸು ಬಂದಿದೆಯಂತೆ. ಕೊನೆಯ ಬಾರಿ ರಿಜಿಸ್ಟರ್ ಮಾಡಿ ಕಳಿಸುತ್ತೇವೆ, ಶುಕ್ರವಾರದೊಳಗೆ ಸಹಿಯಾಗಿ ಬರದಿದ್ದರೆ ಸೀಟು ಬೇರೆಯವರಿಗೆ. ಧನ್ಯಾ ಅದನ್ನು ಫೋನಿನಲ್ಲಿ ಎರಡೆರಡು ಸಲ ಓದಿ ಹೇಳಿದಳು.

"ಹೆಸರು ಬದಲಾಯಿಸಿದ್ದಕ್ಕೇ ಹೀಗಾಯ್ತಾ ಅಮ್ಮ?"

"ಹೇ, ಅದಕ್ಕೆಲ್ಲ ಹಂಗಾಗಲ್ಲ ಬಿಡು."

ಬಿಡು ಎಂದಳೇ ಹೊರತು ಬಿಡಲು ಅವಳಿಂದಾಗಲಿಲ್ಲ. ಮಂಗಳವಾರ ಬೆಳಿಗ್ಗೆ ಎದ್ದವಳೇ ಸೀರೆ ಸುತ್ತಿಕೊಂಡು ಹೊರಟಳು. ಶಿಕಾರಿಪುರದ ಪೋಸ್ಟಾಫೀಸು ಮನೆಯಿಂದ ಐದು ನಿಮಿಷದ ದಾರಿ. ಆದರೆ ಅಲ್ಲಿ ಬಾಯಿ ಬಿಟ್ಟರೆ ಮಧ್ಯಾಹ್ನದೊಳಗೆ ಅವಳ ಗಿರಾಕಿಗಳಿಗೆಲ್ಲ ಸುದ್ದಿ, ಸಂಜೆಗೆ ಧನ್ಯಾಳನ್ನು ವಾಪಸು ಕಳಿಸಿದರಂತೆ ಎಂಬ ಕಥೆ. ಹಾಗಾಗಿ ಆನವಟ್ಟಿಯ ಬಸ್ಸು ಹತ್ತಿದಳು. ಅಲ್ಲಿ ಅವಳ ಸೋದರಮಾವ ಲೋಕಪ್ಪನ ಮನೆ. ಮೂವತ್ತೈದು ವರ್ಷ ಸೈಕಲ್ ಮೇಲೆ ಸುತ್ತಮುತ್ತಲಿನ ಹಳ್ಳಿಗಳಿಗೆ ಕಾಗದ ಹಂಚಿ ನಿವೃತ್ತನಾದ ಪೋಸ್ಟ್‌ಮ್ಯಾನ್ ಅವನು. ಜರ್ಮನಿಯ ಅಂಚೆ ವಿಚಾರ ಕೇಳಲು ಅವಳಿಗೆ ಗೊತ್ತಿದ್ದ ಮನುಷ್ಯ ಅವನೊಬ್ಬನೇ.

ಲೋಕಪ್ಪ ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದ. "ಡಬ್ಬದ ಮೇಲೆ ಯಾರ ಹೆಸರೈತೆ?"

"ಅವರದು."

"ಯಾರದ್ದವ್ವಾ?"

"ನಮ್ಮನೆಯವರದು ಮಾವ."

ಲೋಕಪ್ಪ ಕಾಫಿ ಲೋಟ ಕೆಳಗಿಟ್ಟ. "ನಾನಾಗಿದ್ರೂ ವಾಪಸ್ ಕಳಿಸ್ತಿದ್ದೆ ಕಣವ್ವ."

"ನೀನು ಎಲ್ಲರ ಗುರ್ತೂ ಹಿಡೀತಿದ್ದೆ."

"ಕುಬಟೂರು ಹಳ್ಳಿಯ ನಾಯಿಗಳ ಗುರ್ತೂ ಇತ್ತು ನನಗೆ. ಆ ಪುಣ್ಯಾತ್ಮನಿಗೆ ನಿನ್ನ ಮಗಳ ಗುರ್ತು ಯಾರು ಹೇಳ್ಬೇಕು? ಹೆಸರಿಲ್ಲ ಅಂದ್ರೆ ಆಳಿಲ್ಲ ಅಂತಲೇ ಲೆಕ್ಕ. ಆದ್ರೂ ಒಳ್ಳೆಯವನಾಗಿದ್ರೆ ಬೆಲ್ ಹೊಡೆದು ಕೇಳಿರ್ತಾನೆ. ಯಾರೂ ಬರ್ಲಿಲ್ವಂತಾ?"

ಯಶೋಧರಾಳಿಗೆ ಆರನೇ ದಿನದ ಬೆಲ್ಲು ನೆನಪಾಯಿತು. ಜಾಣೆ ಎಂದು ಹೊಗಳಿದ್ದೂ ನೆನಪಾಯಿತು. ಒಂಬತ್ತು ವರ್ಷ ಮಗಳನ್ನು ಕಾಯಲೆಂದು ಕಲಿಸಿದ್ದೇ ಈಗ ಮಗಳ ಸೀಟಿಗೆ ಕುತ್ತಾಗಿತ್ತು. ಅಳು ಬರಲಿಲ್ಲ, ಬರೀ ಹೆದರಿಕೆಯಾಯಿತು.

"ರಿಜಿಸ್ಟರ್ ಕಾಗದ ಡಬ್ಬಕ್ಕೆ ಹಾಕಲ್ಲ, ತಿಳ್ಕ," ಎಂದ ಲೋಕಪ್ಪ. "ಕೈಗೇ ಕೊಡೋದು. ಬಾಗಿಲು ತೆಗೆದು, ನಾನೇ ಅಂತ ಹೇಳಿ ಸಹಿ ಹಾಕ್ಬೇಕು. ಈ ಸಲವೂ ಉಸಿರು ಹಿಡ್ಕಂಡು ಕೂತ್ರೆ ಮುಗೀತು."

ಆನವಟ್ಟಿ ಬಸ್‌ಸ್ಟ್ಯಾಂಡಿನಲ್ಲೇ ನಿಂತು ಮಗಳಿಗೆ ಫೋನ್ ಮಾಡಿದಳು. "ತಪ್ಪು ನಂದು ಮಗಾ. ನಿನ್ನ ಹೆಸರು ಹಾಕು, ಈಗಲೇ. ದೊಡ್ಡದಾಗಿ ಬರಿ." ಹೇಳುವಾಗ ಮಗಳನ್ನು ತಾನೇ ಕೈಯಾರೆ ಬೀದಿಗೆ ತಂದು ನಿಲ್ಲಿಸಿದಂತೆ ಅವಳಿಗೆ ಸಂಕಟವಾಯಿತು. ಬೆಲ್ಲಾದರೆ ಬಾಗಿಲು ತೆಗಿ ಎನ್ನುವುದೊಂದನ್ನು ಮಾತ್ರ ಹೇಳಲು ಅವಳಿಂದಾಗಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಬುಧವಾರ ಯಾರೂ ಬರಲಿಲ್ಲ. ಗುರುವಾರ ಬೆಳಗಿನಿಂದ ಯಶೋಧರಾ ಫೋನನ್ನು ಮಿಷನ್ನಿಗೆ ಒರಗಿಸಿಟ್ಟು ವಿಡಿಯೋ ಹಾಕಿಕೊಂಡೇ ಕೂತಳು. ಯಾರದೋ ಬ್ಲೌಸಿನ ತೋಳನ್ನು ಉಲ್ಟಾ ಹೊಲಿದು ಬಿಚ್ಚಿದಳು. ಮಧ್ಯಾಹ್ನ ಎರಡೂವರೆಗೆ, ಅಲ್ಲಿನ ಹನ್ನೊಂದಕ್ಕೆ, ಬೆಲ್ಲಾಯಿತು.

ಧನ್ಯಾ ಕದಲಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ, ಮುಖ ಮಾತ್ರ ಮಿಷನ್ನಿನ ಹಿಂದೆ ಕೂತಿದ್ದ ಹದಿಮೂರರದೇ.

"ಅಮ್ಮ, ಪೋಸ್ಟ್‌ಮ್ಯಾನ್ ಅಲ್ಲದೆ ಬೇರೆ ಯಾರಾದ್ರೂ ಆಗಿದ್ರೆ?"

ಯಶೋಧರಾಳ ಪ್ರಶ್ನೆಯೂ ಅದೇ ಆಗಿತ್ತು. ಎರಡನೇ ಸಲ ಬೆಲ್ಲಾಯಿತು. ಹೋದ ಸಲ ಎರಡಕ್ಕೇ ಹೊರಟುಹೋಗಿದ್ದ.

"ತೆಗಿಲಾ ಅಮ್ಮ?"

"ತೆಗಿ," ಎಂದಳು ಯಶೋಧರಾ. ತನ್ನ ದನಿ ಅವಳಿಗೇ ಯಾರದೋ ಎನ್ನಿಸಿತು. "ತೆಗಿ ಮಗಾ, ಹೋಗಿಬಿಡ್ತಾನೆ."

ಧನ್ಯಾಳ ಫೋನು ಅಲ್ಲಿನ ಮೇಜಿನ ಮೇಲೆ ಅಂಗಾತ ಬಿತ್ತು. ಪರದೆ ತುಂಬ ಬರೀ ಚಾವಣಿ. ಹೆಜ್ಜೆ ಸದ್ದು, ಚಿಲಕದ ಸದ್ದು. ಒಬ್ಬ ಗಂಡಸಿನ ದಪ್ಪ ದನಿ, ತಿಳಿಯದ ಭಾಷೆಯಲ್ಲಿ ಏನೋ ಕೇಳಿತು. ಅದಕ್ಕೆ ಮಗಳು ಕೊಟ್ಟ ಉತ್ತರದಲ್ಲಿ ಯಶೋಧರಾಳಿಗೆ ತಿಳಿದದ್ದು ಒಂದೇ ಮಾತು, ಧನ್ಯಾ. ಆಮೇಲೆ ಏನೂ ಕೇಳಲಿಲ್ಲ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಕೊನೆಗೆ ಮಗಳ ಮುಖ ಕಂಡಿತು. ಕೈಯಲ್ಲಿ ಲಕೋಟೆ.

"ಬಂತಮ್ಮ. ಸಹಿ ಹಾಕಿ ಇವತ್ತೇ ಕೊಟ್ಟು ಬರ್ತೀನಿ."

"ಬಾಗಿಲು ಹಾಕಿದ್ಯಾ?" ಎಂದಳು ಯಶೋಧರಾ.

"ಇಲ್ಲ."

"ಯಾಕೆ ಹಾಕಿಲ್ಲ? ಮೊದಲು ಹಾಕು ಹೋಗು."

"ಇರಮ್ಮ ಸ್ವಲ್ಪ ಹೊತ್ತು," ಎಂದಳು ಧನ್ಯಾ. ಫೋನನ್ನು ತೆರೆದ ಬಾಗಿಲ ಕಡೆ ತಿರುಗಿಸಿದಳು. "ತೆಗೆದಿಟ್ಟು ನೋಡ್ತಾ ಇದೀನಿ, ಏನಾಗುತ್ತೆ ಅಂತ."